ಹಳೇ ಹ್ಯಾಂಡಿಕ್ಯಾಮ್ ನಿಂತುಹೋಯಿತು, ಮುಂದೆ ಏನು ಕೊಳ್ಳಲಿ?

ಪ್ರಶ್ನೆ: ನಮ್ಮದು ಹೊಸನಗರ ತಾಲ್ಲೂಕಿನ ಒಂದು ಹಳ್ಳಿ, ಅಡಿಕೆ ತೋಟ ಇದೆ. ಮದುವೆಯಾದ ಹೊಸದರಲ್ಲಿ, 2007ರಲ್ಲಿ, ಯಜಮಾನರು ಶಿವಮೊಗ್ಗದಿಂದ ಮಿನಿ ಡಿವಿ ಕ್ಯಾಸೆಟ್ ಹಾಕುವ ಹ್ಯಾಂಡಿಕ್ಯಾಮ್ ತಂದಿದ್ದರು. ಮಳೆಗಾಲದಲ್ಲಿ ಆಗಾಗ ಪರದೆ ಮೇಲೆ ಸಿ:21 ಅಂತ ಬರುತ್ತಿತ್ತು, ಒಂದೆರಡು ಗಂಟೆ ಬಿಟ್ಟರೆ ಸರಿಹೋಗುತ್ತಿತ್ತು. ಈ ಸಲ ಸಿ:31 ಅಂತ ಬಂದು ನಿಂತೇಬಿಟ್ಟಿದೆ. ರಿಪೇರಿಯವರು ಬಿಡಿಭಾಗ ಸಿಗೋದಿಲ್ಲ ಎಂದರು. ಮನೆಯಲ್ಲಿ 34 ಕ್ಯಾಸೆಟ್ ಇವೆ. 82 ವರ್ಷದ ಅತ್ತೆ, ಹೈಸ್ಕೂಲಿಗೆ ಹೋಗುವ ಮಗಳು, 7 ವರ್ಷದ ಮಗ ಇದ್ದಾರೆ. ಶಾಲೆಯ ವಾರ್ಷಿಕೋತ್ಸವ, ದೊಡ್ಡಹಬ್ಬ (ದೀಪಾವಳಿ), ಅಡಿಕೆ ಕೊಯ್ಲು, ಅತ್ತೆ ಹೇಳುವ ಶೋಭಾನೆ ಹಾಡು, ಇವನ್ನೆಲ್ಲ ಹಿಡಿದಿಡಬೇಕು ಅನ್ನೋ ಆಸೆ. ಹೊಸ ಕ್ಯಾಮ್‌ಕಾರ್ಡರ್ ತಗೊಳ್ಳೋಣ ಎಂದರೆ ಮೈದುನ "ಫೋನ್ ಇರುವಾಗ ಅದ್ಯಾಕೆ ಅತ್ತಿಗೆ" ಅನ್ನುತ್ತಾನೆ. ಅಮೆರಿಕದಲ್ಲಿರುವ ನಾದಿನಿ ಬರುವಾಗ ಒಂದು ತರುತ್ತೇನೆ ಎಂದಿದ್ದಾಳೆ. ಏನು ಮಾಡಲಿ?

ಉತ್ತರ: ನಿಮ್ಮ ಪತ್ರದಲ್ಲಿ ಎರಡು ಪ್ರಶ್ನೆ ಇವೆ. ನೀವು ಬಾಯಿಬಿಟ್ಟು ಕೇಳಿದ್ದು ಒಂದನ್ನೇ. ಕೇಳದೇ ಬಿಟ್ಟಿದ್ದು ಆ 34 ಕ್ಯಾಸೆಟ್‌ಗಳ ಬಗ್ಗೆ. ನಾನು ಅಲ್ಲಿಂದಲೇ ಶುರು ಮಾಡುತ್ತೇನೆ. ಹೊಸ ಕ್ಯಾಮೆರಾ ಮುಂದಿನ ವರ್ಷವೂ ಅಂಗಡಿಯಲ್ಲಿ ಸಿಗುತ್ತದೆ. ಮಗಳು ಅಂಬೆಗಾಲಿಡುವ ಕ್ಯಾಸೆಟ್ ಒಂದೇ ಇರೋದು, ಅದೂ ನಿಮ್ಮ ಕಪಾಟಿನಲ್ಲಿ, ಅದೂ ಮಲೆನಾಡಿನ ಮಳೆಯಲ್ಲಿ.

ಸಿ:21 ಎಂದರೆ ಒಳಗೆ ತೇವ ಕಟ್ಟಿದೆ ಎಂದರ್ಥ. ಕ್ಯಾಸೆಟ್ ಒಳಗಿನ ಟೇಪು ಒಂದು ಸಣ್ಣ ಲೋಹದ ಉರುಳೆಯ ಸುತ್ತ ತಿರುಗುತ್ತದೆ. ಆ ಉರುಳೆ ಮೇಲೆ ಇಬ್ಬನಿಯಂಥ ಪಸೆ ಕೂತರೆ ಟೇಪು ಅಂಟಿಕೊಳ್ಳುತ್ತದೆ. ಹಾಗಾಗದಿರಲಿ ಅಂತ ಕ್ಯಾಮೆರಾ ತಾನೇ ನಿಂತುಬಿಡುತ್ತದೆ. ಆರಿದ್ರಾ ಮಳೆಯಿಂದ ಮಘಾ ಮಳೆವರೆಗೆ ಹೊದ್ದ ಕಂಬಳಿಯೂ ಒದ್ದೆಯಾಗಿರುವ ನಮ್ಮ ಕಡೆ ಇದು ಮಾಮೂಲಿ. ಸಿ:31 ಅಷ್ಟು ಸುಲಭದ್ದಲ್ಲ. ಟೇಪನ್ನು ಎಳೆದು ಓಡಿಸುವ ಯಂತ್ರದ ಭಾಗದಲ್ಲಿ ತೊಂದರೆ ಎಂಬ ಸೂಚನೆ ಅದು. ಆದರೂ ಗುಜರಿಗೆ ಹಾಕುವ ಮೊದಲು ಒಂದು ಪ್ರಯತ್ನ ಮಾಡಿ. ಕ್ಯಾಸೆಟ್ ಹೊರತೆಗೆಯಿರಿ, ಬರದಿದ್ದರೆ ಎಳೆದಾಡಬೇಡಿ. ಬ್ಯಾಟರಿ ಬಿಚ್ಚಿ, ಚಾರ್ಜರ್ ಕಳಚಿ. ಸಿಲಿಕಾ ಜೆಲ್ ಹಾಕಿದ ಗಾಳಿಯಾಡದ ಡಬ್ಬಿಯಲ್ಲಿ ಮೂರು ನಾಲ್ಕು ದಿನ ಇಡಿ. ಆಮೇಲೆ ಬೇಡದ ಒಂದು ಕ್ಯಾಸೆಟ್ ಹಾಕಿ ನೋಡಿ. ಕೆಲವು ಸಲ ಜೀವ ಬರುತ್ತದೆ. ಬಂದರೆ ದಯವಿಟ್ಟು ಹೊಸದಾಗಿ ಏನನ್ನೂ ಶೂಟ್ ಮಾಡಬೇಡಿ. ಅದರಲ್ಲಿ ಉಳಿದಿರುವ ಗಂಟೆಗಳನ್ನೆಲ್ಲ ಹಳೇ ಕ್ಯಾಸೆಟ್ ಇಳಿಸಿಕೊಳ್ಳುವುದಕ್ಕೇ ಕೊಡಿ.

ಜೀವ ಬರದಿದ್ದರೆ, ಓಡುವ ಸ್ಥಿತಿಯಲ್ಲಿರುವ ಇನ್ನೊಂದು ಮಿನಿ ಡಿವಿ ಕ್ಯಾಮೆರಾ ಹುಡುಕಬೇಕು. ನೆಂಟರಿಷ್ಟರಲ್ಲಿ ಕೇಳಿ. ಆ ಕಾಲದಲ್ಲಿ ಮದುವೆ ವಿಡಿಯೊ ಮಾಡುತ್ತಿದ್ದವರ ಅಟ್ಟದಲ್ಲಿ ಖಂಡಿತ ಒಂದಾದರೂ ಇರುತ್ತದೆ. ಯಾವ ಕಂಪನಿಯದಾದರೂ ನಡೆಯುತ್ತದೆ. ಅದರ ಮೈಮೇಲೆ ಡಿವಿ ಅಂತ ಬರೆದ ಪುಟ್ಟ ತೂತು ಇರಬೇಕು. ಅದಕ್ಕೆ ಫೈರ್‌ವೈರ್ ಕೇಬಲ್ ಹಾಕಿ, ಆ ಪೋರ್ಟ್ ಇರುವ ಹಳೇ ಕಂಪ್ಯೂಟರಿಗೆ ಜೋಡಿಸಿದರೆ, ಟೇಪಿನಲ್ಲಿರುವ ಅಂಕಿಗಳು ಹಾಗ್ಹಾಗೇ ಫೈಲಾಗಿ ಇಳಿಯುತ್ತವೆ, ಗುಣಮಟ್ಟ ಒಂದು ಕೂದಲಷ್ಟೂ ಕಡಿಮೆಯಾಗುವುದಿಲ್ಲ. ಕಂಪ್ಯೂಟರಿನಲ್ಲಿ ವಿನ್‌ಡಿವಿ ಎಂಬ ಉಚಿತ ತಂತ್ರಾಂಶ ಸಾಕು. ಹಳದಿ, ಕೆಂಪು, ಬಿಳಿ ವೈರಿನಿಂದಲೂ ಇಳಿಸಬಹುದು, ಆದರೆ ಅದು ಮೊಸರನ್ನು ಕಡೆದು ಮತ್ತೆ ಹಾಲು ಮಾಡಲು ಹೊರಟಂತೆ. ಬೇರೆ ದಾರಿಯೇ ಇಲ್ಲದಾಗ ಮಾತ್ರ.

ಸ್ಟುಡಿಯೊಗೆ ಕೊಟ್ಟು ಮಾಡಿಸುವುದಾದರೆ ಒಂದು ಮಾತು ಗಟ್ಟಿಯಾಗಿ ಹೇಳಿ: "ಡಿವಿಡಿ ಬೇಡ, ಡಿವಿ ಫೈಲೇ ಬೇಕು." ಡಿವಿಡಿಗೆ ಹಾಕುವಾಗ ಚಿತ್ರವನ್ನು ತುಂಬಾ ಹಿಂಡುತ್ತಾರೆ. ಮಿನಿ ಡಿವಿಯ ಒಂದು ಗಂಟೆಗೆ ಸುಮಾರು 13 ಜಿಬಿ ಜಾಗ ಬೇಕು. ಎಲ್ಲವೂ ಒಂದೊಂದು ಗಂಟೆಯವು ಎಂದುಕೊಂಡರೂ ನಿಮ್ಮ 34 ಕ್ಯಾಸೆಟ್‌ಗಳಿಗೆ ಸುಮಾರು 440 ಜಿಬಿ. 1 ಟಿಬಿಯ ಹಾರ್ಡ್ ಡಿಸ್ಕ್ ಸಾಕು. ಆದರೆ ಎರಡು ತಗೊಳ್ಳಿ. ಒಂದು ಮನೆಯಲ್ಲಿ, ಇನ್ನೊಂದು ಬೇರೆ ಊರಿನಲ್ಲಿರುವ ನಿಮ್ಮವರ ಮನೆಯಲ್ಲಿ.

ಕ್ಯಾಸೆಟ್‌ಗಳನ್ನು ಕೊಡುವ ಮೊದಲು ಒಂದೊಂದನ್ನೂ ಬೆಳಕಿಗೆ ಹಿಡಿದು ಕಿಟಕಿಯಲ್ಲಿ ನೋಡಿ. ಸುರುಳಿಯ ಅಂಚಿನಲ್ಲಿ ಬೂದಿ ಚೆಲ್ಲಿದ ಹಾಗೆ ಬೆಳ್ಳಗೆ ಕಂಡರೆ ಬೂಸಲು ಹಿಡಿದಿದೆ. ಅಂಥದ್ದನ್ನು ಬೇರೆ ಇಡಿ, ಮೊದಲು ಹಾಕಲೇಬೇಡಿ. ಒಂದು ಬೂಸಲಿನ ಕ್ಯಾಸೆಟ್ ಓಡಿದರೆ ಕ್ಯಾಮೆರಾದಲ್ಲಿ ಟೇಪು ಓದುವ ಹೆಡ್ ಕೆಡುತ್ತದೆ, ಮುಂದಿನ ಒಳ್ಳೇ ಕ್ಯಾಸೆಟ್‌ಗೂ ಅಂಟುತ್ತದೆ. ಇನ್ನೊಂದು, ಒಂದು ಗಂಟೆಯ ಕ್ಯಾಸೆಟ್‌ನಲ್ಲಿ ಒಂದೂವರೆ ಗಂಟೆ ಬರಲಿ ಅಂತ ಎಲ್‌ಪಿ ಇಟ್ಟು ಶೂಟ್ ಮಾಡಿದ್ದೀರಾ ಅಂತ ಯಜಮಾನರನ್ನು ಕೇಳಿ. ಹಾಗೆ ಮಾಡಿದ ಕ್ಯಾಸೆಟ್ ಬೇರೆ ಕ್ಯಾಮೆರಾದಲ್ಲಿ ಚೌಕ ಚೌಕವಾಗಿ ಒಡೆದು ಕಾಣುವುದು ಹೆಚ್ಚು. ಅವಕ್ಕೆ ನಿಮ್ಮ ಹಳೇ ಕ್ಯಾಮೆರಾವೇ ಬೇಕಾಗಬಹುದು. ಅದಕ್ಕೇ ಅದನ್ನು ಎಸೆಯಬೇಡಿ.

ಈಗ ಹೊಸದರ ಮಾತು.

ನಿಮ್ಮ ಮೈದುನ ಹೇಳಿದ್ದು ತಪ್ಪಲ್ಲ. ಈಗಿನ ಒಂದು ಸಾಧಾರಣ ಒಳ್ಳೇ ಫೋನ್ ಹಗಲು ಬೆಳಕಿನಲ್ಲಿ, ಹತ್ತಿರದಿಂದ, ನಿಮ್ಮ ಹಳೇ ಹ್ಯಾಂಡಿಕ್ಯಾಮಿಗಿಂತ ಎಷ್ಟೋ ಪಾಲು ಚೆನ್ನಾಗಿ ಹಿಡಿಯುತ್ತದೆ. ಮಿನಿ ಡಿವಿಯ ಚಿತ್ರ 720 ಅಡ್ಡ, 576 ಉದ್ದದ ಚುಕ್ಕಿಗಳದು. 4ಕೆ ಎಂದರೆ 3840 ಅಡ್ಡ, 2160 ಉದ್ದ. ಕತ್ತಲೆಯಲ್ಲೂ ಒಳ್ಳೇ ಫೋನಿನ ಮುಖ್ಯ ಲೆನ್ಸು ಅಗ್ಗದ ಕ್ಯಾಮ್‌ಕಾರ್ಡರನ್ನು ಸೋಲಿಸುತ್ತದೆ. ಇದನ್ನು ಒಪ್ಪಿಕೊಂಡೇ ಮುಂದೆ ಹೋಗೋಣ. ಜನ ಕ್ಯಾಮ್‌ಕಾರ್ಡರ್ ಕೊಳ್ಳುವುದು ಕಡಿಮೆಯಾಗಿ ಕಂಪನಿಗಳೂ ಒಂದೊಂದಾಗಿ ಕೈಬಿಟ್ಟಿವೆ. ಜೆವಿಸಿ 2021ರಲ್ಲೇ ಮನೆಬಳಕೆಯ ಕ್ಯಾಮ್‌ಕಾರ್ಡರ್ ತಯಾರಿ ನಿಲ್ಲಿಸಿತು.

ಹಾಗಿದ್ದರೂ ನಿಮ್ಮ ಪಟ್ಟಿ ಓದಿದಾಗ ನನಗೆ ಫೋನ್ ಸಾಕು ಅನ್ನಿಸಲಿಲ್ಲ. ಯಾಕೆ ಅಂತ ಒಂದೊಂದಾಗಿ ಹೇಳುತ್ತೇನೆ.

ಮೊದಲು ಶಾಲೆಯ ವಾರ್ಷಿಕೋತ್ಸವ. ನೀವು ಕೂರುವುದು ವೇದಿಕೆಯಿಂದ ಸುಮಾರು 20 ಮೀಟರ್ ದೂರದಲ್ಲಿ ಎಂದಿಟ್ಟುಕೊಳ್ಳಿ. ಫೋನಿನ ಮಾಮೂಲಿ ಲೆನ್ಸಿನಲ್ಲಿ ಆ ದೂರಕ್ಕೆ 27 ಮೀಟರ್ ಅಗಲ ಕಾಣುತ್ತದೆ. ಅಂದರೆ ಇಡೀ ವೇದಿಕೆ, ಪಕ್ಕದ ಶಾಮಿಯಾನ, ಮುಂದಿನ ತಲೆಗಳು ಎಲ್ಲ ಬಂದು, ನಿಮ್ಮ ಮಗಳು ಕಡ್ಡಿಯಷ್ಟು. 3 ಪಟ್ಟು ಜೂಮ್ ಇರುವ ದುಬಾರಿ ಫೋನಿನಲ್ಲೂ 9 ಮೀಟರ್ ಅಗಲ. ಅದಕ್ಕಿಂತ ಹತ್ತಿರ ಎಳೆದರೆ ಫೋನ್ ಚಿತ್ರವನ್ನು ಕತ್ತರಿಸಿ ಹಿಗ್ಗಿಸುತ್ತದೆ ಅಷ್ಟೇ, ಮುಖ ಹಿಟ್ಟಿನಂತೆ ಮೆತ್ತಗಾಗುತ್ತದೆ. 20 ಪಟ್ಟು ಆಪ್ಟಿಕಲ್ ಜೂಮ್, ಅಂದರೆ ಲೆನ್ಸೇ ಸರಿದು ಹತ್ತಿರ ತರುವ ಜೂಮ್, ಇರುವ ಕ್ಯಾಮ್‌ಕಾರ್ಡರಿನಲ್ಲಿ ಅದೇ ಕುರ್ಚಿಯಿಂದ ಒಂದೂ ಕಾಲು ಮೀಟರ್ ಚಿಲ್ಲರೆ ಅಗಲ ಮಾತ್ರ ಬರುತ್ತದೆ. ಅಂದರೆ ತಲೆಯಿಂದ ಸೊಂಟದವರೆಗೆ ನಿಮ್ಮ ಮಗಳೊಬ್ಬಳೇ. ಹಾಡು ಮರೆತು ಪಕ್ಕದವಳ ಕಡೆ ಓರೆಗಣ್ಣಲ್ಲಿ ನೋಡಿದ್ದೂ ಸಿಗುತ್ತದೆ. ಮುಂದೆ ನಿಮಗೆ ಬೇಕಾಗೋದು ಅದೇ ಅಲ್ವಾ? ಜೊತೆಗೆ, ಜೂಮ್ ಗುಂಡಿಯನ್ನು ಮೆಲ್ಲಗೆ ಒತ್ತಿದರೆ ಮೆಲ್ಲಗೆ ಹೋಗುತ್ತದೆ. ಫೋನಿನ ಗಾಜಿನ ಮೇಲೆ ಎರಡು ಬೆರಳಲ್ಲಿ ಆ ಹದ ಸಿಗುವುದಿಲ್ಲ. ಮಂಡಗದ್ದೆಯಲ್ಲಿ ತುಂಗಾ ನದಿ ನಡುವಿನ ಮರದ ಮೇಲೆ ಕೂತ ಹಕ್ಕಿಯನ್ನು ಮಗ ತೋರಿಸಿದಾಗಲೂ ಇದೇ ಜೂಮ್ ಬೇಕಾಗುತ್ತದೆ.

ಎರಡನೆಯದು ಕೈ ನಡುಗುವುದು. ಜೂಮ್ ಜಾಸ್ತಿಯಾದಷ್ಟೂ ನಡುಕ ದೊಡ್ಡದಾಗುತ್ತದೆ. ಇದಕ್ಕೆ ಎರಡು ಬಗೆಯ ಪರಿಹಾರ ಇವೆ. ಒಂದು ಲೆನ್ಸೇ ಅಲುಗಿ ನಡುಕವನ್ನು ಸರಿದೂಗಿಸುವುದು, ಇನ್ನೊಂದು ಚಿತ್ರದ ಅಂಚು ಕತ್ತರಿಸಿ ಲೆಕ್ಕದಲ್ಲಿ ಸರಿಮಾಡುವುದು. ಎರಡನೆಯದು ಸಂಜೆ ಬೆಳಕಿನಲ್ಲಿ ಕೈಕೊಡುತ್ತದೆ. ಸೋನಿಯ ಎಫ್‌ಡಿಆರ್-ಎಎಕ್ಸ್53 ಮತ್ತು ಎಎಕ್ಸ್43 ಮಾದರಿಗಳಲ್ಲಿ ಲೆನ್ಸು ಮತ್ತು ಸೆನ್ಸರ್ (ಬೆಳಕನ್ನು ಚಿತ್ರವಾಗಿಸುವ ಚಿಪ್) ಒಂದೇ ಗುಡ್ಡೆಯಾಗಿ, ಕಣ್ಣುಗುಡ್ಡೆ ತಿರುಗಿದ ಹಾಗೆ, ತೇಲುತ್ತವೆ. ತೋಟದ ಸಂಕ (ಕಾಲುಸೇತುವೆ) ದಾಟುತ್ತಾ, ಮಗನ ಹಿಂದೆ ಓಡುತ್ತಾ ಶೂಟ್ ಮಾಡುವವರಿಗೆ ಇದಕ್ಕಿಂತ ಹಿತವಾದದ್ದನ್ನು ಮನೆಬಳಕೆಯ ಕ್ಯಾಮ್‌ಕಾರ್ಡರುಗಳಲ್ಲಿ ನಾನು ಕಂಡಿಲ್ಲ.

ಮೂರನೆಯದು ಶಬ್ದ. ಇದರ ಬಗ್ಗೆ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ, ಯಾಕೆಂದರೆ ನಿಮ್ಮ ಪಟ್ಟಿಯಲ್ಲಿ ಅತ್ತೆಯವರ ಹಾಡಿದೆ.

ನಮ್ಮ ಅಪ್ಪ ಕೊನೆಯ ವರ್ಷಗಳಲ್ಲಿ ಜಗಲಿಯಲ್ಲಿ ಕೂತು ಹಳೇ ಕಥೆ ಹೇಳುತ್ತಿದ್ದರು. ಅಣೆಕಟ್ಟಿನ ಮುಳುಗಡೆಗೆ ಮುಂಚಿನ ಊರು, ಗಾಡಿ ದಾರಿ, ಯಾರ ಮನೆ ಎಲ್ಲಿತ್ತು ಅನ್ನೋದು. ಒಂದು ಮಧ್ಯಾಹ್ನ ಎರಡು ಗಂಟೆ ಶೂಟ್ ಮಾಡಿದೆ. ಹೊರಗೆ ಜಡಿಮಳೆ. ಜಗಲಿಗೆ ಹೊಂದಿಸಿ ಜಿಂಕ್ ಶೀಟ್ ಹಾಕಿದ್ದೆವು. ಕೂತು ಕೇಳುವಾಗ ನನ್ನ ಕಿವಿ ಮಳೆಯನ್ನು ಬದಿಗೆ ಸರಿಸಿ ಅಪ್ಪನ ಮಾತನ್ನು ಆರಿಸಿಕೊಂಡಿತ್ತು. ಮೈಕಿಗೆ ಆ ಬುದ್ಧಿ ಇಲ್ಲ. ಅವರು ಹೋದ ಮೇಲೆ ಹಾಕಿ ನೋಡಿದರೆ ಎರಡು ಗಂಟೆಯೂ ಶೀಟಿನ ಮೇಲೆ ಮಳೆ ಸುರಿಯುವ ಸದ್ದೇ. ತುಟಿ ಅಲ್ಲಾಡುತ್ತದೆ, ಕೈ ಬೀಸಿ ದಿಕ್ಕು ತೋರಿಸುತ್ತಾರೆ, ಒಂದು ವಾಕ್ಯ ಪೂರ್ತಿ ಸಿಗುವುದಿಲ್ಲ. ಅವತ್ತು ಅವರ ಅಂಗಿಗೆ ಒಂದು ಕಾಲರ್ ಮೈಕ್ ಸಿಕ್ಕಿಸಿದ್ದರೆ ಸಾಕಿತ್ತು. ಇದು ನನ್ನಿಂದ ಆದ ತಪ್ಪು. ನಿಮ್ಮ ಮನೆಯಲ್ಲಿ ಆಗದಿರಲಿ.

ಆದ್ದರಿಂದ ಯಾವ ಕ್ಯಾಮೆರಾ ನೋಡಿದರೂ ಮೊದಲು ಬದಿಯ ಮುಚ್ಚಳ ತೆಗೆದು 3.5 ಮಿಲಿಮೀಟರಿನ ಮೈಕ್ ತೂತು ಇದೆಯಾ ನೋಡಿ. ಹೆಡ್‌ಫೋನ್ ತೂತೂ ಇದ್ದರೆ ಇನ್ನೂ ಒಳ್ಳೆಯದು, ಶೂಟ್ ಮಾಡುವಾಗಲೇ ಏನು ದಾಖಲಾಗುತ್ತಿದೆ ಅಂತ ಕಿವಿಯಿಂದ ಕೇಳಬಹುದು. ಎಎಕ್ಸ್43, ಎಎಕ್ಸ್53 ಎರಡರಲ್ಲೂ ಎರಡೂ ಇವೆ. ಅಗ್ಗದ ಮಾದರಿಗಳಲ್ಲಿ ಕಂಪನಿಗಳು ಮೊದಲು ಕತ್ತರಿಸುವುದು ಇದನ್ನೇ. ಅತ್ತೆಯವರ ಸೆರಗಿನ ಅಂಚಿಗೆ ಪುಟ್ಟ ಮೈಕ್ ಸಿಕ್ಕಿಸಿ, ಬಾಯಿಯಿಂದ ಒಂದು ಗೇಣು ದೂರದಲ್ಲಿ. ವೈರಿನದ್ದು ತೊಡಕು ಎನಿಸಿದರೆ ವೈರ್‌ಲೆಸ್ ಜೋಡಿ ಸಿಗುತ್ತದೆ. ಹಾಡುವ ಮೊದಲು ಮಿಕ್ಸಿ, ಟಿವಿ, ಫ್ಯಾನ್ ಆರಿಸಿ. ಒಲೆಯ ಕಟ್ಟಿಗೆ ಚಟಪಟ ಅನ್ನೋದು ಇರಲಿ ಬಿಡಿ, ಅದೂ ಮನೆಯ ಸದ್ದೇ.

ಯಕ್ಷಗಾನದ ಆಟಕ್ಕೆ ಒಯ್ಯುವುದಿದ್ದರೆ ಇನ್ನೊಂದು ತೊಂದರೆ ಇದೆ. ಕ್ಯಾಮೆರಾ ತಾನಾಗಿಯೇ ಶಬ್ದ ಏರಿಸಿ ಇಳಿಸುತ್ತದೆ. ಭಾಗವತರು ಮೆಲ್ಲಗೆ ಎತ್ತಿಕೊಂಡಾಗ ಏರಿಸಿರುತ್ತದೆ, ಅಷ್ಟರಲ್ಲಿ ಚೆಂಡೆ ಬಿತ್ತು, ಸದ್ದು ಒಡೆದುಹೋಗುತ್ತದೆ. ಮೈಕ್ ಮಟ್ಟವನ್ನು ಕೈಯಾರೆ ತಗ್ಗಿಸುವ ಅವಕಾಶ ಮೆನುವಿನಲ್ಲಿ ಇರಲೇಬೇಕು.

ನಾಲ್ಕನೆಯದು ಯಂತ್ರದ ವಿಷಯವಲ್ಲ. ಫೋನ್ ಒಬ್ಬರದ್ದು. ಯಜಮಾನರು ಪೇಟೆಗೆ ಹೋದರೆ ಅದೂ ಅವರ ಜೇಬಿನಲ್ಲಿ ಹೋಗುತ್ತದೆ. ಶೂಟ್ ಮಾಡುವಾಗ ಅಡಿಕೆ ಮಂಡಿಯಿಂದ ಫೋನ್ ಬರುತ್ತದೆ, ಜಾಗ ಖಾಲಿಯಾಯಿತು ಅನ್ನುತ್ತದೆ, ಬಿಸಿಯಾಗುತ್ತದೆ. ಆಮೇಲೆ ವಿಡಿಯೊ ವಾಟ್ಸ್‌ಆ್ಯಪಿನಲ್ಲಿ ಹೋಗಿ ಹಿಂಡಿ ಹಿಪ್ಪೆಯಾಗಿ ಉಳಿಯುತ್ತದೆ. ಮೂಲ ಎಲ್ಲೋ ಕಳೆದುಹೋಗುತ್ತದೆ. ಕ್ಯಾಮ್‌ಕಾರ್ಡರ್ ಮನೆಯದು. ಜಗಲಿಯ ಗೂಡಿನಲ್ಲಿ ಚಾರ್ಜ್ ಆಗಿ ಕೂತಿರುತ್ತದೆ, ಯಾರ ಕೈಗೆ ಬೇಕಾದರೂ ಬರುತ್ತದೆ. ಮಗನ ಕೈಗೂ ಕೊಡಿ. 7 ವರ್ಷದ ಹುಡುಗ ಹಿಡಿದ ವಿಡಿಯೊದಲ್ಲಿ ಎಲ್ಲರೂ ಎತ್ತರವಾಗಿ ಕಾಣುತ್ತಾರೆ, ಕರು ಮಾತ್ರ ಎದುರಿಗೇ ಇರುತ್ತದೆ. ನಿಮ್ಮ ಆ 34 ಕ್ಯಾಸೆಟ್‌ನಲ್ಲಿ ನೀವು ಎಷ್ಟು ಕಡೆ ಇದ್ದೀರಿ ಅಂತ ಒಮ್ಮೆ ನೋಡಿ. ಹಿಡಿಯುವವರು ಒಬ್ಬರೇ ಆದರೆ ಅವರೇ ಚಿತ್ರದಲ್ಲಿ ಇರುವುದಿಲ್ಲ. ಒಂದು ಸಣ್ಣ ಟ್ರೈಪಾಡ್ ಖಂಡಿತ ತಗೊಳ್ಳಿ.

ಹಾಗಾದರೆ ಯಾವುದು? ನನ್ನ ಮೊದಲ ಆಯ್ಕೆ ಎಎಕ್ಸ್43. 20 ಪಟ್ಟು ಜೂಮ್, ತೇಲುವ ಲೆನ್ಸು, ಮೈಕ್ ತೂತು, 4ಕೆ. ಎಎಕ್ಸ್53 ಹೆಚ್ಚು ಕಡಿಮೆ ಅದೇ. ಕಣ್ಣಿಟ್ಟು ನೋಡುವ ವ್ಯೂಫೈಂಡರ್ ಒಂದು ಜಾಸ್ತಿ. ಬಿಸಿಲಿನಲ್ಲಿ ಅಡಿಕೆ ಅಂಗಳದಲ್ಲಿ ನಿಂತಾಗ ಪರದೆ ಕಾಣದೇ ಇರುವುದರಿಂದ ಅದು ಬಹಳ ಉಪಯೋಗ. ಹಣ ಅಷ್ಟಕ್ಕೆ ಏರದಿದ್ದರೆ, ಅಗ್ಗದ ಹೊಸದಕ್ಕಿಂತ ಇವೆರಡರಲ್ಲಿ ಒಂದನ್ನು ಸೆಕೆಂಡ್ ಹ್ಯಾಂಡ್ ಹುಡುಕಿ ಅಂತಲೇ ಹೇಳುತ್ತೇನೆ. ಅದೇ ಕಂಪನಿಯ ಚಿಕ್ಕ ಎಚ್‌ಡಿಆರ್-ಸಿಎಕ್ಸ್405ರಲ್ಲಿ 30 ಪಟ್ಟು ಜೂಮ್ ಇದೆ, ಹಗುರ, ಹಗಲಿನಲ್ಲಿ ಚೆನ್ನಾಗಿದೆ. ಆದರೆ ಅದರ ಸೆನ್ಸರ್ ಉಗುರಿನ ಚೂರಿನಷ್ಟು ಸಣ್ಣದು. ದೀಪಾವಳಿಯ ಹಣತೆ ಬೆಳಕಿನಲ್ಲಿ, ರಾತ್ರಿ ಅಡಿಕೆ ಸುಲಿಯುವಾಗ ಬಲ್ಬಿನ ಕೆಳಗೆ, ಚಿತ್ರದ ತುಂಬ ರವೆ ಎರಚಿದ ಹಾಗೆ ಬರುತ್ತದೆ. ನಿಮ್ಮ ಪಟ್ಟಿಯಲ್ಲಿ ಮುಕ್ಕಾಲು ಪಾಲು ನಡೆಯುವುದು ಸಂಜೆಯ ಮೇಲೇ. ಅದಕ್ಕೇ ನಿಮಗೆ ಅದನ್ನು ಹೇಳಲಾರೆ.

ಡಿಜೆಐ ಆಸ್ಮೋ ಪಾಕೆಟ್ 3 ಎಂಬ ಪುಟ್ಟ ಕ್ಯಾಮೆರಾ ಬಗ್ಗೆ ಯಾರಾದರೂ ಹೇಳಿಯಾರು. 1 ಇಂಚು ವರ್ಗದ ದೊಡ್ಡ ಸೆನ್ಸರ್, ಕತ್ತಲೆಯಲ್ಲಿ ಚೆಂದ, ನಡೆಯುತ್ತಾ ಹಿಡಿದರೂ ಬೆಣ್ಣೆಯಂತೆ ಬರುತ್ತದೆ. ಆಪ್ಟಿಕಲ್ ಜೂಮ್ ಇಲ್ಲ, ವಾರ್ಷಿಕೋತ್ಸವಕ್ಕೆ ಆಗುವುದಿಲ್ಲ. ಗೋಪ್ರೊ ಹೊಳೆಯಲ್ಲಿ ಈಜುವಾಗ ಸರಿ, ಮನೆಗೆ ಅಲ್ಲ. ಲೆನ್ಸ್ ಬದಲಿಸುವ ಕ್ಯಾಮೆರಾಗಳು ಸಂತೋಷ ಕೊಡುತ್ತವೆ, ಆದರೆ ಕಲಿಯಬೇಕು, ಲೆನ್ಸಿಗೆ ಬೇರೆ ಹಣ ಸುರಿಯಬೇಕು, ಬೂಸಲಿನಿಂದ ಒಂದಲ್ಲ ನಾಲ್ಕು ಗಾಜು ಕಾಪಾಡಬೇಕು.

ಒಂದರಿಂದ ಮಾತ್ರ ದೂರ ಇರಿ. ಆನ್‌ಲೈನಿನಲ್ಲಿ ಹೆಸರೇ ಕೇಳದ ಕಂಪನಿಗಳ ಕ್ಯಾಮ್‌ಕಾರ್ಡರುಗಳು ಕಡಿಮೆ ಬೆಲೆಗೆ ಬರುತ್ತವೆ. ಡಬ್ಬಿ ಮೇಲೆ 4ಕೆ, 48 ಮೆಗಾಪಿಕ್ಸೆಲ್, 16 ಪಟ್ಟು ಜೂಮ್ ಅಂತ ದೊಡ್ಡ ಅಕ್ಷರ. ಆ ಜೂಮ್ ಡಿಜಿಟಲ್, ಅಂದರೆ ಬರೀ ಹಿಗ್ಗಿಸುವುದು. ಫೋಕಸ್ ಎಷ್ಟೋ ಸಲ ಒಂದೇ ಕಡೆ ನಿಂತಿರುತ್ತದೆ. 4ಕೆ ಎಂಬುದೂ ಎಷ್ಟೋ ಸಲ ಸಣ್ಣ ಚಿತ್ರವನ್ನು ಹಿಗ್ಗಿಸಿ ಬರೆದದ್ದು. ಆಪ್ಟಿಕಲ್ ಎಂಬ ಪದ ಡಬ್ಬಿ ಮೇಲೆ ಇಲ್ಲದಿದ್ದರೆ ಕೈಯಲ್ಲೂ ಮುಟ್ಟಬೇಡಿ. ಅದರ ಹತ್ತರಲ್ಲಿ ಒಂದು ಪಾಲು ಹಣಕ್ಕೆ ಫೋನಿಗೊಂದು ಮೈಕ್ ತಂದರೆ ಹೆಚ್ಚು ಲಾಭ.

ನಾದಿನಿ ತರುತ್ತಾರೆ ಎಂದಿರಲ್ಲ, ಪ್ರೀತಿಯಿಂದ ಬೇಡ ಅನ್ನಿ, ಅಥವಾ ಹಣ ಕಳಿಸಲು ಹೇಳಿ. ಕಾರಣ ಚಾರ್ಜರ್ ಅಲ್ಲ. ಅದರ ಮೇಲೆ 100-240 ವೋಲ್ಟ್ ಅಂತ ಬರೆದಿದ್ದರೆ ನಮ್ಮ ಕರೆಂಟಿಗೂ ಸರಿ, ಪಿನ್ ಬದಲಿಸಿದರೆ ಆಯಿತು. ತೊಂದರೆ ದೀಪದ್ದು. ನಮ್ಮ ಕರೆಂಟು 50 ಹರ್ಟ್ಸ್, ಅಮೆರಿಕದ್ದು 60. ನಮ್ಮ ಟ್ಯೂಬ್‌ಲೈಟ್, ಅಗ್ಗದ ಎಲ್‌ಇಡಿ ಬಲ್ಬುಗಳು ಸೆಕೆಂಡಿಗೆ 100 ಸಲ ಮಿನುಗುತ್ತವೆ. ಕಣ್ಣಿಗೆ ಗೊತ್ತಾಗುವುದಿಲ್ಲ. ಅಮೆರಿಕದಲ್ಲಿ ಮಾರುವ ಹ್ಯಾಂಡಿಕ್ಯಾಮ್‌ಗಳು ಸೆಕೆಂಡಿಗೆ 60 ಅಥವಾ 30 ಚಿತ್ರದ ಲೆಕ್ಕದಲ್ಲಿ ಓಡುತ್ತವೆ, ನಮ್ಮ ಕಡೆ ಮಾರುವಂಥವು 50 ಅಥವಾ 25ರ ಲೆಕ್ಕದಲ್ಲಿ. ಹೊಂದಾಣಿಕೆ ಇಲ್ಲದಿದ್ದರೆ ಅಡುಗೆಮನೆಯ ಗೋಡೆ ಉಸಿರಾಡಿದ ಹಾಗೆ ಬೆಳಕು ಏರಿಳಿಯುತ್ತದೆ. ಶಟರ್ ವೇಗವನ್ನು 1/100 ಸೆಕೆಂಡಿಗೆ ಕಟ್ಟಿಹಾಕಿದರೆ ಹತೋಟಿಗೆ ಬರುತ್ತದೆ, ಆದರೆ ಆಗ ಬೆಳಕು ಸಾಲುವುದಿಲ್ಲ. ಫೋನಿನಲ್ಲಿ ಹಿಡಿಯುವಾಗಲೂ ಇದೇ ಕಾಟ. ಐಫೋನಿನ ಸೆಟ್ಟಿಂಗ್ಸ್‌ನಲ್ಲಿ ಪಾಲ್ ಫಾರ್ಮ್ಯಾಟ್ ತೋರಿಸು ಎಂಬುದನ್ನು ಆನ್ ಮಾಡಿದರೆ 25ರ ಲೆಕ್ಕ ಸಿಗುತ್ತದೆ.

ಸೆಕೆಂಡ್ ಹ್ಯಾಂಡ್ ನೋಡುವಾಗ ಒಂದು ಟಾರ್ಚ್ ಒಯ್ಯಿರಿ. ಲೆನ್ಸಿಗೆ ಓರೆಯಾಗಿ ಬಿಟ್ಟು ಒಳಗೆ ಇಣುಕಿ. ಜೇಡರ ಬಲೆಯ ಎಳೆಯಂತೆ ಕಂಡರೆ ಬೂಸಲು, ಎದ್ದು ಬನ್ನಿ. ಪರದೆಯನ್ನು ಹತ್ತು ಸಲ ತೆರೆದು, ಮುಚ್ಚಿ, ತಿರುಗಿಸಿ. ಅಲ್ಲಿಯ ಕೀಲಿನೊಳಗಿನ ಪಟ್ಟಿ ಸವೆದಿದ್ದರೆ ಚಿತ್ರ ಮಿಣುಕುತ್ತದೆ. ಜೂಮನ್ನು ಕೊನೆವರೆಗೆ ಒಯ್ದು ದೂರದ ಬೋರ್ಡಿನ ಅಕ್ಷರ ಓದಿ. ನಿಮ್ಮದೇ ಕಾರ್ಡ್ ಹಾಕಿ ಹತ್ತು ನಿಮಿಷ ಬಿಡದೆ ರೆಕಾರ್ಡ್ ಮಾಡಿ. ಎಎಕ್ಸ್53, 43 ಆಫ್ ಇದ್ದಾಗ ಅಲುಗಿಸಿದರೆ ಒಳಗೆ ಲೆನ್ಸು ಸಡಿಲವಾಗಿ ತೂಗುತ್ತದೆ. ಹೆದರಬೇಡಿ, ಅದರ ರಚನೆಯೇ ಹಾಗೆ.

ಕಾರ್ಡು, ಜಾಗದ ಲೆಕ್ಕ ಬೇಗ ಮುಗಿಸುತ್ತೇನೆ. 4ಕೆ ಅತಿ ಹೆಚ್ಚಿನ ಗುಣಮಟ್ಟದಲ್ಲಿ, ಅಂದರೆ 100 ಎಂಬಿಪಿಎಸ್‌ನಲ್ಲಿ (ಸೆಕೆಂಡಿಗೆ 100 ಮೆಗಾಬಿಟ್), ಒಂದು ಗಂಟೆಗೆ 45 ಜಿಬಿ ನುಂಗುತ್ತದೆ. 60 ಇಟ್ಟರೆ 27 ಜಿಬಿ. ಎಚ್‌ಡಿಯಲ್ಲಿ 50 ಇಟ್ಟರೆ 22 ಜಿಬಿ ಚಿಲ್ಲರೆ. ವಾರ್ಷಿಕೋತ್ಸವ, ಯಕ್ಷಗಾನದಂಥ ಉದ್ದದ್ದಕ್ಕೆ ಎಚ್‌ಡಿ ಸಾಕು. ಅತ್ತೆಯವರ ಮುಖ, ಕೈ, ಹಸೆ ಚಿತ್ತಾರ ಬರೆಯುವ ಬೆರಳು, ಇವಕ್ಕೆ 4ಕೆ ಇಡಿ. ಕಾರ್ಡಿನ ಮೇಲೆ ಯು ಅಕ್ಷರದೊಳಗೆ 3 ಎಂದಿರಬೇಕು. 64 ಜಿಬಿಯ ಎರಡು ಕಾರ್ಡು 128ರ ಒಂದಕ್ಕಿಂತ ಮೇಲು, ಒಂದು ಕೆಟ್ಟರೆ ಅರ್ಧವಾದರೂ ಉಳಿಯುತ್ತದೆ. ಕಾರ್ಡು ಸಂಗ್ರಹಕ್ಕಲ್ಲ, ಹಬ್ಬ ಮುಗಿದ ವಾರದೊಳಗೆ ಎರಡೂ ಡಿಸ್ಕಿಗೆ ಇಳಿಸಿ. ನಿಮ್ಮ ಕಡೆಯ ನೆಟ್‌ವರ್ಕಿನಲ್ಲಿ ಇಷ್ಟೆಲ್ಲ ಮೇಲೆ ಕಳಿಸಿಡುವ ಮಾತು ದೂರವೇ. ಮಳೆಗಾಲದಲ್ಲಿ ಕರೆಂಟು ಹೋಗಿ ಬಂದು ಮಾಡುವಾಗ ಲ್ಯಾಪ್‌ಟಾಪ್ ಬ್ಯಾಟರಿ ಮೇಲೆ ಇದ್ದಾಗಲೇ ನಕಲು ಮಾಡಿ.

ಇನ್ನು ಬೂಸಲು. ಮಲೆನಾಡಿನಲ್ಲಿ ಕ್ಯಾಮೆರಾವನ್ನು ಕೊಲ್ಲುವುದು ವಯಸ್ಸಲ್ಲ, ತೇವ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರ್ ಮೀರಿ ಸುರಿಯುತ್ತದೆ, ಹೊಸನಗರವೂ ಮಳೆಯಲ್ಲಿ ಹಿಂದಿಲ್ಲ. ಗಾಳಿಯ ತೇವ ನೂರಕ್ಕೆ 60 ದಾಟಿ ದಿನಗಟ್ಟಲೆ ನಿಂತರೆ ಲೆನ್ಸಿನ ಗಾಜಿನ ಮೇಲೆ ಬೂಸಲು ಕೂರಲು ಶುರು. ಚರ್ಮದ ಚೀಲ, ಬಟ್ಟೆಯ ಚೀಲ ಎರಡೂ ಬೇಡ, ಅವೇ ತೇವ ಹೀರಿ ಇಟ್ಟುಕೊಳ್ಳುತ್ತವೆ. ಅಟ್ಟವೂ ಬೇಡ. ಒಲೆಯ ಬಿಸಿಗೆ ಒಣಗಿರುತ್ತದೆ ಅನ್ನೋ ನಂಬಿಕೆ ಅಡಿಕೆಗೆ ಸರಿ, ಗಾಜಿಗೆ ಹೊಗೆಯ ಜಿಡ್ಡು ಹಿಡಿಯುತ್ತದೆ. ರಬ್ಬರ್ ಅಂಚಿನ ಮುಚ್ಚಳವಿರುವ ದೊಡ್ಡ ಪ್ಲಾಸ್ಟಿಕ್ ಡಬ್ಬಿ ತನ್ನಿ. ಒಳಗೆ ಕಾಲು ಕಿಲೋ ಸಿಲಿಕಾ ಜೆಲ್, ಒಂದು ಪುಟ್ಟ ತೇವಮಾಪಕ. ಮುಳ್ಳು 40ರಿಂದ 50ರ ನಡುವೆ ನಿಲ್ಲಬೇಕು. ಕೇಸರಿ ಬಣ್ಣದ ಜೆಲ್ ತಗೊಳ್ಳಿ, ಹಸಿರಾದಾಗ ಅಡುಗೆಗೆ ಬಳಸದ ಹಳೇ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಬಿಸಿ ಮಾಡಿದರೆ ಮತ್ತೆ ಕೇಸರಿಯಾಗುತ್ತದೆ. ನೀಲಿಯದ್ದರಲ್ಲಿ ಕೋಬಾಲ್ಟ್ ಇರುತ್ತದೆ, ಮಕ್ಕಳಿರುವ ಮನೆಗೆ ಬೇಡ. ಅಕ್ಕಿ ಹಾಕುವುದು ಪ್ರಯೋಜನವಿಲ್ಲ, ಹಿಟ್ಟು ಸೇರುವುದೇ ಬಂತು. ಕ್ಯಾಸೆಟ್‌ಗಳಿಗೂ ಇಂಥದ್ದೇ ಇನ್ನೊಂದು ಡಬ್ಬಿ ಮಾಡಿ.

ಮಳೆಯಲ್ಲಿ ತಣ್ಣಗಾದ ಕ್ಯಾಮೆರಾವನ್ನು ಬಿಸಿ ಅಡುಗೆಮನೆಗೆ ತಂದ ಕೂಡಲೇ ತೆರೆಯಬೇಡಿ. ಚೀಲದಲ್ಲೇ ಅರ್ಧ ಗಂಟೆ ಇರಲಿ. ಅಡಿಕೆ ಬೇಯಿಸುವ ಹಂಡೆಯ ಹಬೆಗೂ ಲೆನ್ಸನ್ನು ಒಡ್ಡಬೇಡಿ. ಅಲ್ಲಿ ಸ್ವಲ್ಪ ದೂರ ನಿಂತು ಜೂಮ್ ಮಾಡಿದರೆ ಚೊಗರಿನ (ಅಡಿಕೆ ಬೆಂದ ರಸದ) ಕೆಂಪು, ಹಬೆಯ ಹಿಂದೆ ಓಡಾಡುವ ಮಂದಿ ಇನ್ನೂ ಚೆನ್ನಾಗಿ ಬರುತ್ತಾರೆ.

ಕೊಳ್ಳುವ ಮೊದಲು ಒಂದು ವಾರ ಹೀಗೆ ಮಾಡಿ. ನಿಮ್ಮ ಫೋನಿನಲ್ಲೇ ಮೂರು ಕಡೆ ಹಿಡಿಯಿರಿ: ಶಾಲೆಯ ಮೈದಾನದ ಕೊನೆಯಿಂದ ವೇದಿಕೆ, ರಾತ್ರಿ ಬಲ್ಬಿನ ಕೆಳಗೆ ಅಡಿಕೆ ಸುಲಿಯುವ ಮೆಟ್ಟುಗತ್ತಿ ಮುಂದೆ ಕೂತವರು, ಅತ್ತೆಯವರ ಒಂದು ಹಾಡು. ಟಿವಿಯಲ್ಲಿ ಹಾಕಿ ಮೈದುನನನ್ನೂ ಕೂರಿಸಿಕೊಂಡು ನೋಡಿ. ಮೂರೂ ತೃಪ್ತಿ ಕೊಟ್ಟರೆ ಅವನ ಮಾತೇ ಸರಿ, ಒಂದು ಮೈಕ್, ಒಂದು ಟ್ರೈಪಾಡ್, ಎರಡು ಡಿಸ್ಕಿನಲ್ಲಿ ಮುಗಿಸಿ. ಮೊದಲನೆಯದರಲ್ಲಿ ಮಗಳ ಮುಖ ಸಿಗದಿದ್ದರೆ ಅವನೇ ನಿಮ್ಮ ಜೊತೆ ಅಂಗಡಿಗೆ ಬರುತ್ತಾನೆ.

ಕ್ಯಾಮೆರಾ ಮನೆಗೆ ಬಂದ ದಿನ ಕೈಪಿಡಿ ಓದುತ್ತಾ ಕೂರಬೇಡಿ. ತಾರೀಖು, ಸಮಯ ಸರಿಯಾಗಿ ಇಡಿ, ಮೈಕ್ ಸಿಕ್ಕಿಸಿ, ಅತ್ತೆಯವರಿಗೆ ಇಷ್ಟವಾದ ಹಾಡೊಂದನ್ನು ಪೂರ್ತಿ ಹಿಡಿಯಿರಿ. ಹಾಡು ಮುಗಿದ ಕೂಡಲೇ ಆಫ್ ಮಾಡಬೇಡಿ, ಇನ್ನೆರಡು ನಿಮಿಷ ಓಡಲಿ. ಯಾರ ಮದುವೆಯಲ್ಲಿ ಕಲಿತಿದ್ದು, ಯಾರು ಹೇಳಿಕೊಟ್ಟಿದ್ದು ಅನ್ನೋ ಮಾತು ಬರೋದು ಆವಾಗಲೇ. ಅದನ್ನು ಆ ರಾತ್ರಿಯೇ ಟಿವಿಯಲ್ಲಿ ಹಾಕಿ ಅವರಿಗೆ ತೋರಿಸಿ.